ಮಧುಮೇಹಿಗಳ ಮೂತ್ರಪಿಂಡರೋಗ: ಹೇತುಗಳೂ ಸೂಚಕಗಳೂ

ಮಧುಮೇಹವೆಂಬ ಹೆಸರು ನಮ್ಮ ವೈದ್ಯಶಾಸ್ತ್ರದಲ್ಲಿ ಬಹು ಹಳೆಯದು. ಚರಕ ಸುಶ್ರುತ ಸಂಹಿತೆಗಳು ಪ್ರಮೇಹವನ್ನು ೨೦ ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ಒಂದಕ್ಕೆ ಈ ಹೆಸರನ್ನಿಟ್ಟಿವೆ. ರೋಗಿಯ ಮೂತ್ರವು ಜೇನಿನಂತೆ ಸಿಹಿಯಾಗಿರುವುದನ್ನೂ ಅದಕ್ಕೆ ಇರುವೆಗಳು ಮುತ್ತುವುದನ್ನೂ ಪ್ರಾಚೀನರು ಗಮನಿಸಿದ್ದರು. ಕುಳಿತಲ್ಲಿಯೇ ಕುಳಿತಿರುವ ಸುಖ, ಅತಿನಿದ್ರೆ, ಮೊಸರು, ಹಾಲು, ಹೊಸ ಧಾನ್ಯ, ಬೆಲ್ಲದ ಭಕ್ಷ್ಯ ಇವೆಲ್ಲವನ್ನೂ ಚರಕನು ಪ್ರಮೇಹಕ್ಕೆ ಹೇತುಗಳೆಂದು ಎಣಿಸಿರುವನು. ಆದಕಾರಣ ಆಹಾರವಿಹಾರಗಳಿಗೂ ಈ ವ್ಯಾಧಿಗೂ ಸಂಬಂಧವುಂಟೆಂಬ ಮಾತು ನಮಗೆ ಹೊಸತಲ್ಲ. ಮೂತ್ರವನ್ನು ಸೋಸಿ ಕೊಡುವ ಅವಯವವೇ ಈ ವ್ಯಾಧಿಯಿಂದ ವರ್ಷಗಟ್ಟಲೆ ಸದ್ದಿಲ್ಲದೆ ಸವೆಯುವುದೆಂಬ ಸಂಗತಿ ಮಾತ್ರ ಸ್ಪಷ್ಟವಾಗಿ ತಿಳಿದುಬಂದುದು ತೀರ ಈಚೆಗೆ.

೧೭೭೬ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದ ವೈದ್ಯನಾದ ಮ್ಯಾಥ್ಯೂ ಡಾಬ್ಸನ್ ಎಂಬವನು ಮಧುಮೇಹಿಯ ಮೂತ್ರವನ್ನು ಬತ್ತಿಸಿ ಅದರಲ್ಲಿ ಸಕ್ಕರೆಯಿರುವುದನ್ನು ತೋರಿಸಿದನು; ರೋಗಿಯ ರಕ್ತರಸವೂ ಸಿಹಿಯಾಗಿರುವುದೆಂದು ಬರೆದನು. ಸಕ್ಕರೆಯು ಮೂತ್ರಪಿಂಡದಲ್ಲಿ ಹುಟ್ಟುವುದಲ್ಲ, ರಕ್ತದಿಂದ ಅಲ್ಲಿಗೆ ಬರುವುದು ಎಂಬ ತಿಳಿವಿಗೆ ಇದು ದಾರಿಮಾಡಿತು. ೧೮೨೭ರಲ್ಲಿ ಲಂಡನ್ನಿನ ಗೈ ಆಸ್ಪತ್ರೆಯ ರಿಚರ್ಡ್ ಬ್ರೈಟನು ಮತ್ತೊಂದು ಸಂಗತಿಯನ್ನು ಪ್ರಕಟಿಸಿದನು. ಮೈ ಊದಿಕೊಂಡ ಕೆಲವು ರೋಗಿಗಳ ಮೂತ್ರವನ್ನು ಚಮಚದಲ್ಲಿಟ್ಟು ಮೇಣದಬತ್ತಿಯ ಉರಿಯ ಮೇಲೆ ಹಿಡಿದರೆ, ಮೊಟ್ಟೆಯ ಬಿಳಿ ಗಟ್ಟಿಯಾಗುವಂತೆ ಅದು ಹೆಪ್ಪುಗಟ್ಟುತ್ತಿತ್ತು. ಅಂಥವರು ಸತ್ತಮೇಲೆ ದೇಹವನ್ನು ಸೀಳಿ ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದುವು. ಹೀಗೆ ಹೆಪ್ಪುಗಟ್ಟುವ ವಸ್ತುವಿಗೆ ಆಲ್ಬುಮಿನ್ ಎಂದು ಹೆಸರು. ಮೂತ್ರದಲ್ಲಿ ಸಕ್ಕರೆ, ಮೂತ್ರದಲ್ಲಿ ಆಲ್ಬುಮಿನ್: ಈ ಎರಡು ಸಂಗತಿಗಳನ್ನು ಒಂದು ಸೂತ್ರದಲ್ಲಿ ಪೋಣಿಸುವುದಕ್ಕೆ ಇನ್ನೂ ನೂರು ವರ್ಷಗಳು ಹಿಡಿದುವು.

ಇದಕ್ಕೆ ಒಂದು ವಿಷಾದಕರವಾದ ಕಾರಣವೂ ಉಂಟು. ೧೯೨೨ರಲ್ಲಿ ಇನ್ಸುಲಿನ್ ಚಿಕಿತ್ಸೆ ಮೊದಲಾಗುವುದಕ್ಕೆ ಮುಂಚೆ, ಚಿಕ್ಕ ವಯಸ್ಸಿನಲ್ಲಿ ಮಧುಮೇಹಕ್ಕೆ ಈಡಾದವರು ಬಹುಕಾಲ ಬದುಕುತ್ತಿರಲಿಲ್ಲ. ಮೂತ್ರಪಿಂಡವು ಕೆಡುವುದಕ್ಕೆ ಬೇಕಾದಷ್ಟು ಆಯುಸ್ಸೇ ಅವರಿಗೆ ಇರಲಿಲ್ಲ. ಇನ್ಸುಲಿನ್ನು ಅವರ ಆಯುಸ್ಸನ್ನು ಬೆಳೆಸಿತು. ಬೆಳೆದ ಆಯುಸ್ಸಿನಲ್ಲಿ ಈ ಉಪದ್ರವವು ಬೆಳಕಿಗೆ ಬಂದಿತು. ೧೯೩೬ರಲ್ಲಿ ಪಾಲ್ ಕಿಮ್ಮೆಲ್‌ಸ್ಟೀಲ್, ಕ್ಲಿಫರ್ಡ್ ವಿಲ್ಸನ್ ಎಂಬಿಬ್ಬರು ಅಮೆರಿಕದಲ್ಲಿ ಎಂಟು ಮಂದಿ ಮೃತರ ಮೂತ್ರಪಿಂಡಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅವುಗಳ ಶೋಧಕಗುಚ್ಛಗಳೊಳಗೆ ಗುಂಡನೆಯ ಗಂಟುಗಳಿರುವುದನ್ನು ವರ್ಣಿಸಿದರು. ಆ ಗಂಟುಗಳು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿವೆ.

ಪ್ರಕೃತ ಲೇಖನದ ಉದ್ದೇಶವು ಈ ರೋಗದ ಚರಿತ್ರೆಯನ್ನು ಹೇಳುವುದಲ್ಲ. ಮಧುಮೇಹಿಗಳಲ್ಲಿ ಶೇಕಡ ೩೦ರಿಂದ ೪೦ರಷ್ಟು ಮಂದಿಗೆ ಮೂತ್ರಪಿಂಡರೋಗವು ಬರುವುದು, ಉಳಿದವರಿಗೆ ಬಾರದು. ಬರುವವರಿಗೆ ಏಕೆ ಬರುತ್ತದೆ? ಅವರು ಉಂಡುದರಿಂದಲೋ, ನಡೆದುಕೊಂಡುದರಿಂದಲೋ, ರಕ್ತದಲ್ಲಿ ಯಾವುದೋ ದ್ರವ್ಯವು ಹೆಚ್ಚಿದುದರಿಂದಲೋ? ಈ ಪ್ರಶ್ನೆಗೆ ಉತ್ತರವಾಗಿ ಹತ್ತಾರು ಹೇತುಗಳು ಹೇಳಲ್ಪಟ್ಟಿವೆ. ಆದರೆ ಪಟ್ಟಿಯಲ್ಲಿರುವ ಎಲ್ಲವೂ ಒಂದೇ ಜಾತಿಯವಲ್ಲ. ಕೆಲವು ನಿಜವಾದ ಹೇತುಗಳು. ಅವುಗಳನ್ನು ತಗ್ಗಿಸಿದರೆ ರೋಗವೂ ತಗ್ಗುವುದು. ಕೆಲವು ಬರಿಯ ಸೂಚಕಗಳು, ಎಂದರೆ ಗುರುತುಗಳು. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನಮ್ಮ ತಾರ್ಕಿಕರಿಗೆ ಪರಿಚಿತವಾದ ಉದಾಹರಣೆ. ಊಹೆಯು ಸರಿಯೇ, ಆದರೆ ಹೊಗೆಯನ್ನು ಬೀಸಣಿಗೆಯಿಂದ ಚದರಿಸಿದರೆ ಬೆಂಕಿ ಆರದು. ಈ ಭೇದವನ್ನು ಮರೆತು ನಡೆಸಿದ ಚಿಕಿತ್ಸೆಗಳಿಂದ ರೋಗಿಗಳಿಗೆ ಹಾನಿಯಾದ ನಿದರ್ಶನಗಳುಂಟು. ಅವುಗಳನ್ನು ಮುಂದೆ ಹೇಳುವೆನು.

ಮೊದಲು ಅವಯವದ ವಿಚಾರ. ಸೊಂಟದ ಮೇಲ್ಭಾಗದಲ್ಲಿ ಬೆನ್ನೆಲುಬಿನ ಎರಡು ಕಡೆಗಳಲ್ಲಿರುವ ಮೂತ್ರಪಿಂಡಗಳು ಒಂದೊಂದೂ ಸುಮಾರು ೧೫೦ ಗ್ರಾಂ ತೂಗುತ್ತವೆ. ಹೃದಯವು ಹೊರದೂಡುವ ರಕ್ತದಲ್ಲಿ ಐದರಲ್ಲೊಂದು ಪಾಲು ಈ ಎರಡು ಸಣ್ಣ ಅವಯವಗಳಿಗೇ ಸಲ್ಲುವುದು. ಪ್ರತಿಯೊಂದರಲ್ಲಿಯೂ ಸುಮಾರು ೧೦ ಲಕ್ಷ ನೆಫ್ರಾನುಗಳಿವೆ. ನೆಫ್ರಾನೆಂದರೆ ಕೂದಲಿಗಿಂತಲೂ ತೆಳುವಾದ ರಕ್ತನಾಳಗಳ ಒಂದು ಗುಚ್ಛ, ಅದಕ್ಕೆ ಅಂಟಿಕೊಂಡ ಉದ್ದನೆಯ ಒಂದು ನಳಿಕೆ. ಗುಚ್ಛದಲ್ಲಿ ರಕ್ತದ ನೀರೂ ಅದರಲ್ಲಿ ಕರಗಿದ ಲವಣ, ಸಕ್ಕರೆ, ಕಲ್ಮಷಗಳೂ ಸೋಸಿ ಇಳಿಯುವುವು. ಆಲ್ಬುಮಿನ್ನಿನಂತಹ ದೊಡ್ಡ ಕಣಗಳು ರಕ್ತದಲ್ಲಿಯೇ ನಿಲ್ಲುವುವು. ದಿನವೊಂದಕ್ಕೆ ಹೀಗೆ ಸೋಸುವ ನೀರು ಸುಮಾರು ೧೮೦ ಲೀಟರು. ನಳಿಕೆಗಳು ಅದರಲ್ಲಿ ಬೇಕಾದುದನ್ನೆಲ್ಲ ಮರಳಿ ಹೀರಿಕೊಂಡು, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಡುವುವು. ಆರೋಗ್ಯವಂತನಾದ ತರುಣನಲ್ಲಿ ಈ ಸೋಸುವ ವೇಗವು ನಿಮಿಷಕ್ಕೆ ೧೦೦ ಮಿಲಿಲೀಟರಿಗೆ ಮೇಲ್ಪಟ್ಟಿರುವುದು. ಇದನ್ನು ಶೋಧನವೇಗವೆಂದು ಕರೆಯೋಣ. ಮೂರು ತಿಂಗಳಿಗೆ ಮೀರಿ ಅದು ೬೦ಕ್ಕಿಂತ ಕೆಳಗೆ ನಿಂತರೆ ಮೂತ್ರಪಿಂಡಕ್ಕೆ ದೀರ್ಘರೋಗ ತಗುಲಿದೆಯೆಂದು ವೈದ್ಯರು ನಿಶ್ಚಯಿಸುವರು.

ಮಧುಮೇಹವು ಈ ಯಂತ್ರವನ್ನು ಕೆಡಿಸುವ ಕ್ರಮವು ವಿಚಿತ್ರವಾದುದು. ಆರಂಭದಲ್ಲಿ ಶೋಧನವೇಗವು ಕುಗ್ಗುವುದಕ್ಕೆ ಬದಲಾಗಿ ಅನೇಕರಲ್ಲಿ ಹೆಚ್ಚುತ್ತದೆ! ಗುಚ್ಛಕ್ಕೆ ರಕ್ತವನ್ನು ತರುವ ನಾಳ ಒಂದು, ಒಯ್ಯುವ ನಾಳ ಇನ್ನೊಂದು. ಇವುಗಳ ಬಿಗಿತ ಸಡಿಲಗಳು ಕೊಳವೆಯ ಎರಡು ತುದಿಗಳ ತಿರುಪುಗಳಂತೆ ಒಳಗಿನ ಒತ್ತಡವನ್ನು ನಿಯಮಿಸುವುವು. ನಳಿಕೆಯ ಆದಿಭಾಗದಲ್ಲಿ ಸಕ್ಕರೆಯನ್ನೂ ಲವಣವನ್ನೂ ಜೊತೆಯಾಗಿ ಹೀರುವ ಏರ್ಪಾಡಿದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಅದರೊಡನೆ ಲವಣವೂ ಹೆಚ್ಚಾಗಿ ಹೀರಲ್ಪಟ್ಟು, ನಳಿಕೆಯ ಮುಂದಿನ ಭಾಗಕ್ಕೆ ಲವಣವು ಕಡಿಮೆಯಾಗಿ ತಲಪುವುದು. ಅಲ್ಲಿ ಕಾವಲಿರುವ ಕೆಲವು ಜೀವಕೋಶಗಳು, ಸೋಸುವ ಕೆಲಸವು ಸಾಲದೆಂದು ಭಾವಿಸಿ, ರಕ್ತವನ್ನು ತರುವ ನಾಳವನ್ನು ಅಗಲಿಸುವುವು. ಇತ್ತ ಆಂಜಿಯೋಟೆನ್ಸಿನ್ ಎಂಬ ದ್ರವ್ಯವು ಒಯ್ಯುವ ನಾಳವನ್ನು ಬಿಗಿಯುವುದು. ಒಳಬಾಗಿಲು ಅಗಲವಾಗಿ ಹೊರಬಾಗಿಲು ಕಿರಿದಾದರೆ ಒಳಗಿನ ಒತ್ತಡವು ಏರುವುದು ಸಹಜ. ಈ ಒತ್ತಡವೂ ಸಕ್ಕರೆಯ ವಿಷಪ್ರಭಾವವೂ ಕೂಡಿ ವರ್ಷಾನುವರ್ಷ ಗುಚ್ಛದ ಪೊರೆಗಳನ್ನು ದಪ್ಪಗೆಡಿಸಿ, ಅವುಗಳ ರಂಧ್ರಗಳನ್ನು ಹರಿದು, ಕೊನೆಗೆ ಗುಚ್ಛವನ್ನೇ ಗಾಯದ ಕಲೆಯಂತೆ ಬಿರುಸುಗೊಳಿಸುವುವು. ಹೀಗೆ ಸತ್ತ ನೆಫ್ರಾನು ಮತ್ತೆ ಹುಟ್ಟದು. ಉಳಿದವುಗಳ ಮೇಲೆ ಹೊರೆ ಹೆಚ್ಚಿ ಅವೂ ಅದೇ ದಾರಿಯನ್ನು ಹಿಡಿಯುವುವು.

ಇಷ್ಟೆಲ್ಲ ನಡೆಯುವಾಗ ರೋಗಿಗೆ ನೋವಿಲ್ಲ, ಜ್ವರವಿಲ್ಲ, ಮೂತ್ರದಲ್ಲಿ ಕಣ್ಣಿಗೆ ಕಾಣುವ ಬದಲಾವಣೆಯಿಲ್ಲ. ಕಾಲು ಬಾತುಕೊಂಡು, ಊಟ ಸೇರದೆ, ಏದುಸಿರು ಬರತೊಡಗಿದಾಗ ಅವನು ವೈದ್ಯನ ಬಳಿಗೆ ಬರುವನು. ಅಷ್ಟು ಹೊತ್ತಿಗೆ ಶೋಧನಶಕ್ತಿಯ ಬಹುಭಾಗವು ಹೋಗಿಬಿಟ್ಟಿರುವುದು. ಆಮೇಲೆ ಉಳಿಯುವುದು ಎರಡೇ ದಾರಿ: ಇನ್ನೊಬ್ಬರ ಮೂತ್ರಪಿಂಡವನ್ನು ಪಡೆಯುವುದು, ಇಲ್ಲವೆ ಡಯಾಲಿಸಿಸ್. ಯಂತ್ರದಿಂದ ರಕ್ತವನ್ನು ತೊಳೆಸಿಕೊಳ್ಳುವುದೆಂದರೆ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಬಾರಿಗೆ ನಾಲ್ಕು ಗಂಟೆ, ಬದುಕಿರುವವರೆಗೂ. ಭಾರತ ಸರ್ಕಾರವು ೨೦೧೬ರಲ್ಲಿ ಬಡವರಿಗಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆ ಏರ್ಪಾಡು ಮಾಡುವ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ಚಿಕಿತ್ಸೆಗೆ ಹಣ ಬೇಡದಿದ್ದರೂ, ಹಳ್ಳಿಯಿಂದ ವಾರಕ್ಕೆ ಮೂರು ದಿನ ಜಿಲ್ಲೆಯ ಕೇಂದ್ರಕ್ಕೆ ಹೋಗಿಬರುವವನ ಬಸ್ಸಿನ ಖರ್ಚೂ, ಅವನೊಡನೆ ಬರುವವರ ಕೂಲಿಯ ನಷ್ಟವೂ ಯಾವ ಲೆಕ್ಕಕ್ಕೆ ಸೇರುವುವು? ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು ೧೦.೧ ಕೋಟಿಯೆಂದು ಅಂದಾಜು ಮಾಡಿದೆ. ಅದರಲ್ಲಿ ಮೂರರಲ್ಲೊಂದು ಪಾಲೆಂದರೆ ಎಷ್ಟೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು.

ಈ ಮೌನವ್ಯಾಧಿಗೆ ಒಬ್ಬ ಸಾಕ್ಷಿ ಇರುವನು. ಗುಚ್ಛದ ಪೊರೆಯು ಹರಿಯತೊಡಗಿದೊಡನೆಯೇ ಆಲ್ಬುಮಿನ್ ಅಲ್ಪಾಲ್ಪವಾಗಿ ಮೂತ್ರಕ್ಕೆ ಜಿನುಗುವುದು. ಬ್ರೈಟನ ಚಮಚಕ್ಕೆ ಸಿಕ್ಕದಷ್ಟು ಅಲ್ಪವಾದ ಈ ಮೊತ್ತವನ್ನು ಅಳೆಯುವ ವಿಧಾನವು ೧೯೬೦ರ ದಶಕದಲ್ಲಿ ದೊರೆಯಿತು. ಹೀಗೆ ಜಿನುಗುವವರಲ್ಲಿಯೇ ಮುಂದೆ ಮೂತ್ರಪಿಂಡವು ಕೆಡುವ ಸಂಭವ ಹೆಚ್ಚೆಂದು ೧೯೮೨ರಲ್ಲಿ ಲಂಡನ್ನಿನಲ್ಲಿ ವಿಬರ್ಟಿ ಮತ್ತು ಅವನ ಸಂಗಡಿಗರೂ, ೧೯೮೪ರಲ್ಲಿ ಡೆನ್ಮಾರ್ಕಿನ ಮೋಗೆನ್ಸೆನ್ನನೂ ತೋರಿಸಿದರು. ಈಗ ಒಂದು ಸಲದ ಮೂತ್ರದಲ್ಲಿಯೇ ಆಲ್ಬುಮಿನ್ನನ್ನೂ ಕ್ರಿಯಾಟಿನಿನ್ ಎಂಬ ಕಲ್ಮಷವನ್ನೂ ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸುವರು. ಕ್ರಿಯಾಟಿನಿನ್ ಒಂದು ಗ್ರಾಮಿಗೆ ಆಲ್ಬುಮಿನ್ ೩೦ ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸಹಜ. ೩೦ರಿಂದ ೩೦೦ರವರೆಗೆ ಎಚ್ಚರಿಕೆಯ ಕಾಲ. ಅದಕ್ಕೆ ಮೇಲ್ಪಟ್ಟರೆ ರೋಗವು ಬೇರೂರಿದೆಯೆಂದು ತಿಳಿಯಬೇಕು. ಚೆನ್ನೈ ನಗರದ ಮಧುಮೇಹಿಗಳಲ್ಲಿ ನಡೆದು ೨೦೦೭ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬೇರೂರಿದ ರೋಗವುಳ್ಳವರು ಶೇಕಡ ೨.೨, ಎಚ್ಚರಿಕೆಯ ಕಾಲದಲ್ಲಿದ್ದವರು ಶೇಕಡ ೨೬.೯. ಎಂದರೆ ರೋಗವು ಗೊತ್ತಾದವನೊಬ್ಬನ ಹಿಂದೆ, ಗೊತ್ತಿಲ್ಲದೆ ಅದೇ ದಾರಿಗೆ ಬಂದುನಿಂತವರು ಹನ್ನೆರಡು ಮಂದಿ.

ಇಲ್ಲಿ ಒಂದು ಸಾಮಾನ್ಯವಾದ ಭ್ರಮೆಯನ್ನು ತಿದ್ದಬೇಕಾಗಿದೆ. ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆಯೆಂದು ನೋಡಿ, ೧.೨ ಎಂದಿದ್ದರೆ ಚಿಂತೆಯಿಲ್ಲವೆಂದು ಹಲವರು ಸಮಾಧಾನಗೊಳ್ಳುವರು. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡಗಳಿಂದ. ಮೈ ತುಂಬಿದ ತರುಣನಲ್ಲಿ ಅದು ಹೆಚ್ಚು, ಬಡಕಲು ಮುದುಕಿಯಲ್ಲಿ ಕಡಿಮೆ. ಈಗ ಬಳಕೆಯಲ್ಲಿರುವ ೨೦೨೧ರ ಸಮೀಕರಣದಿಂದ ಲೆಕ್ಕಹಾಕಿದರೆ, ೧.೨ ಎಂಬ ಅದೇ ಅಂಕೆಯು ೨೫ ವರ್ಷದ ಗಂಡಸಿನಲ್ಲಿ ಸುಮಾರು ೮೬ರ ಶೋಧನವೇಗವನ್ನೂ, ೬೦ ವರ್ಷದ ಹೆಂಗಸಿನಲ್ಲಿ ಸುಮಾರು ೫೨ರ ವೇಗವನ್ನೂ ಸೂಚಿಸುವುದು. ಒಂದೇ ಅಂಕೆ, ಒಬ್ಬನು ಆರೋಗ್ಯವಂತನಿರಬಹುದು, ಇನ್ನೊಬ್ಬಳು ರೋಗಿ. ಆದುದರಿಂದ ವಯಸ್ಸು ಲಿಂಗಗಳನ್ನು ಸೇರಿಸಿ ಲೆಕ್ಕಮಾಡಿದ ಶೋಧನವೇಗವನ್ನು ಕೇಳಬೇಕೇ ಹೊರತು ಬರಿಯ ಕ್ರಿಯಾಟಿನಿನ್ನನ್ನಲ್ಲ. ಕೆಲವು ಮಧುಮೇಹಿಗಳಲ್ಲಿ ಆಲ್ಬುಮಿನ್ ಜಿನುಗದೆಯೇ ಶೋಧನವೇಗವು ಇಳಿಯುವುದೂ ಉಂಟಾದುದರಿಂದ ಎರಡು ಪರೀಕ್ಷೆಗಳೂ ಅವಶ್ಯಕ.

ಇನ್ನು ಹೇತು ಸೂಚಕಗಳ ವಿವೇಚನೆಗೆ ಬರೋಣ. ಯಾವುದೋ ಒಂದು ದ್ರವ್ಯವು ರೋಗಿಗಳ ರಕ್ತದಲ್ಲಿ ಹೆಚ್ಚಾಗಿದೆಯೆಂದು ಕಂಡುಹಿಡಿಯುವುದು ಸುಲಭ. ಅದೇ ರೋಗಕ್ಕೆ ಕಾರಣವೆಂದು ಸಿದ್ಧಪಡಿಸಬೇಕಾದರೆ, ಜನರನ್ನು ಚೀಟಿಯೆತ್ತಿದಂತೆ ಯದೃಚ್ಛೆಯಿಂದ ಎರಡು ಗುಂಪುಗಳಾಗಿ ಮಾಡಿ, ಒಂದು ಗುಂಪಿನಲ್ಲಿ ಆ ದ್ರವ್ಯವನ್ನು ತಗ್ಗಿಸಿ, ಇನ್ನೊಂದರಲ್ಲಿ ಇದ್ದಂತೆಯೇ ಬಿಟ್ಟು, ವರ್ಷಗಟ್ಟಲೆ ಕಾದು ನೋಡಬೇಕು. ಈ ಒರೆಗಲ್ಲಿಗೆ ಹಚ್ಚಿದಾಗ ಹೊಳಪು ಉಳಿಸಿಕೊಂಡವು ಕೆಲವೇ.

ಹೋಮೋಸಿಸ್ಟೀನ್ ಎಂಬುದು ರಕ್ತದಲ್ಲಿರುವ ಒಂದು ಆಮ್ಲ. ಮೂತ್ರಪಿಂಡವು ಕೆಟ್ಟವರಲ್ಲಿ ಅದು ಏರಿರುವುದು. ಫೋಲಿಕ್ ಆಮ್ಲ, ಬಿ ೬, ಬಿ ೧೨ ಎಂಬ ಜೀವಸತ್ತ್ವಗಳನ್ನು ಕೊಟ್ಟರೆ ಅದು ಇಳಿಯುವುದೂ ನಿಜ. ಕೆನಡಾ ದೇಶದಲ್ಲಿ ಇಂತಹ ೨೩೮ ಮಂದಿ ಮಧುಮೇಹಿಗಳ ಮೇಲೆ ಪರೀಕ್ಷೆ ನಡೆಯಿತು; ಫಲವು ೨೦೧೦ರಲ್ಲಿ ಪ್ರಕಟವಾಯಿತು. ಹೋಮೋಸಿಸ್ಟೀನ್ ಇಳಿದಿತ್ತು. ಆದರೆ ಮೂರು ವರ್ಷಗಳಲ್ಲಿ ಶೋಧನವೇಗವು ಬರಿಯ ಮಾತ್ರೆ ನುಂಗಿದವರಲ್ಲಿ ೧೦.೭ರಷ್ಟು ಕುಗ್ಗಿದ್ದರೆ, ಹೆಚ್ಚು ಪ್ರಮಾಣದ ಜೀವಸತ್ತ್ವವನ್ನು ನುಂಗಿದವರಲ್ಲಿ ೧೬.೫ರಷ್ಟು ಕುಗ್ಗಿತ್ತು; ಹೃದಯಾಘಾತ ಪಾರ್ಶ್ವವಾಯು ಮೊದಲಾದುವೂ ಅವರಲ್ಲೇ ಹೆಚ್ಚಾಗಿದ್ದುವು. ನಿರಪಾಯಕರವೆಂದು ಎಲ್ಲರೂ ನಂಬಿರುವ ಜೀವಸತ್ತ್ವಗಳಿಂದ ಇಂತಹ ಫಲ! ಅಂಗಡಿಗಳಲ್ಲಿ ಬಲವರ್ಧಕವೆಂದು ಮಾರುವ ಮಾತ್ರೆಗಳನ್ನು ತಾವಾಗಿಯೇ ಕೊಂಡು ನುಂಗುವ ಮಧುಮೇಹಿಗಳು ಇದನ್ನು ತಿಳಿದಿರುವುದು ಒಳ್ಳೆಯದು.

ಯೂರಿಕ್ ಆಮ್ಲದ ಕಥೆಯೂ ಇದಕ್ಕೆ ಸಮೀಪವಾದುದೇ. ಅದು ಹೆಚ್ಚಿದ್ದವರಲ್ಲಿ ಮೂತ್ರಪಿಂಡವು ಬೇಗ ಕೆಡುವುದೆಂದು ಅನೇಕ ಸಮೀಕ್ಷೆಗಳು ಹೇಳಿದುವು. ಇನ್ಸುಲಿನ್ನನ್ನೇ ಅವಲಂಬಿಸಿದ ೫೩೦ ಮಂದಿ ಮಧುಮೇಹಿಗಳಲ್ಲಿ ಅಲೋಪ್ಯೂರಿನಾಲ್ ಔಷಧದಿಂದ ಅದನ್ನು ಮೂರು ವರ್ಷ ತಗ್ಗಿಸಿಟ್ಟರು. ೨೦೨೦ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆಮ್ಲವು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಇಳಿಯಿತು. ಮೂತ್ರಪಿಂಡಕ್ಕೆ ಯಾವ ಲಾಭವೂ ಆಗಲಿಲ್ಲ. ಬಾರ್ಡೊಕ್ಸಲೋನ್ ಎಂಬ ಮತ್ತೊಂದು ಔಷಧವು ಶೋಧನವೇಗದ ಅಂಕೆಯನ್ನೇ ಮೇಲಕ್ಕೇರಿಸಿತು, ಎಲ್ಲರೂ ಹರ್ಷಪಟ್ಟರು. ೨,೧೮೫ ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ಅದನ್ನು ಸೇವಿಸಿದವರು ಹೃದಯವು ಸೋತು ಹೆಚ್ಚಾಗಿ ಆಸ್ಪತ್ರೆ ಸೇರತೊಡಗಿದುದರಿಂದ ೨೦೧೨ರಲ್ಲಿ ಪರೀಕ್ಷೆಯನ್ನೇ ನಿಲ್ಲಿಸಬೇಕಾಯಿತು. ಅಂಕೆಯು ಸುಧಾರಿಸಿದರೆ ರೋಗಿಯೂ ಸುಧಾರಿಸಿದನೆಂಬುದಕ್ಕೆ ಪ್ರಮಾಣವಿಲ್ಲ.

ಒರೆಗಲ್ಲಿನಲ್ಲಿ ನಿಂತ ಹೇತುಗಳಲ್ಲಿ ಮೊದಲನೆಯದು ರಕ್ತದ ಸಕ್ಕರೆಯೇ. ಅಮೆರಿಕ ಕೆನಡಾಗಳಲ್ಲಿ ೧,೪೪೧ ಮಂದಿಯನ್ನು ೧೯೮೩ರಿಂದ ೧೯೯೩ರವರೆಗೆ ಪರೀಕ್ಷಿಸಿದರು. ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯ ಅಂಶವು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವುದಷ್ಟೆ. ಅದು ಒಂದು ಗುಂಪಿನಲ್ಲಿ ಶೇಕಡ ೭ರ ಬಳಿಯಲ್ಲಿಯೂ ಇನ್ನೊಂದರಲ್ಲಿ ೯ರ ಬಳಿಯಲ್ಲಿಯೂ ಇದ್ದಿತು. ಮೊದಲನೆಯ ಗುಂಪಿನಲ್ಲಿ ಆಲ್ಬುಮಿನ್ನಿನ ಅಲ್ಪಸ್ರಾವವು ಶೇಕಡ ೩೯ರಷ್ಟೂ, ಅಧಿಕಸ್ರಾವವು ಶೇಕಡ ೫೪ರಷ್ಟೂ ಕಡಿಮೆಯಾಯಿತು. ಇದಕ್ಕಿಂತ ಗಮನಾರ್ಹವಾದುದು ಮುಂದಿನ ಸಂಗತಿ. ಪರೀಕ್ಷೆಯು ಮುಗಿದ ಮೇಲೆ ಎರಡು ಗುಂಪುಗಳ ಸಕ್ಕರೆಯೂ ಹೆಚ್ಚು ಕಡಮೆ ಸಮವಾಯಿತು. ಆದರೂ ಮೊದಲ ವರ್ಷಗಳ ಸಂಯಮದ ಫಲವು ಅಳಿಯಲಿಲ್ಲ. ೨೦೧೧ರ ವರದಿಯಂತೆ, ಶೋಧನವೇಗವು ೬೦ಕ್ಕಿಂತ ಕೆಳಗಿಳಿದವರು ಮೊದಲನೆಯ ಗುಂಪಿನಲ್ಲಿ ೨೪ ಮಂದಿ, ಎರಡನೆಯದರಲ್ಲಿ ೪೬ ಮಂದಿ. ದೇಹವು ಹಳೆಯ ಸಕ್ಕರೆಯನ್ನು ಮರೆಯದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಹಾಗೆಂದು ಸಕ್ಕರೆಯನ್ನು ಅತಿಯಾಗಿ ಇಳಿಸಹೊರಡುವುದೂ ಕ್ಷೇಮಕರವಲ್ಲ: ೧೦,೨೫೧ ಮಂದಿಯಲ್ಲಿ ೬ಕ್ಕಿಂತ ಕೆಳಗಿನ ಗುರಿಯನ್ನಿಟ್ಟುಕೊಂಡು ನಡೆಸಿದ ಅಮೆರಿಕದ ಪರೀಕ್ಷೆಯಲ್ಲಿ ಮರಣಗಳು ಹೆಚ್ಚಾದುದರಿಂದ ೨೦೦೮ರಲ್ಲಿ ಆ ತೀವ್ರಚಿಕಿತ್ಸೆಯನ್ನು ನಿಲ್ಲಿಸಿದರು.

ಎರಡನೆಯದು ರಕ್ತದ ಒತ್ತಡ. ಬ್ರಿಟನ್ನಿನ ೧,೧೪೮ ಮಂದಿಯಲ್ಲಿ ಸರಾಸರಿ ೧೫೪/೮೭ ಇದ್ದವರಿಗಿಂತ ೧೪೪/೮೨ಕ್ಕೆ ಇಳಿಸಿಕೊಂಡವರಲ್ಲಿ ಸೂಕ್ಷ್ಮನಾಳಗಳ ಉಪದ್ರವಗಳು ಶೇಕಡ ೩೭ರಷ್ಟು ಕಡಿಮೆಯೆಂದು ೧೯೯೮ರಲ್ಲಿ ತಿಳಿದುಬಂದಿತು. ಒತ್ತಡವು ಕೇವಲ ಹತ್ತು ಅಂಕೆ ಇಳಿದುದರ ಫಲವಿದು. ಒಯ್ಯುವ ನಾಳದ ಬಿಗಿತವನ್ನು ಸಡಿಲಿಸುವ ಔಷಧಗಳು ಇಲ್ಲಿ ವಿಶೇಷವಾಗಿ ಉಪಕಾರಿಗಳು. ೧೯೯೩ರಲ್ಲಿ ಕ್ಯಾಪ್ಟೊಪ್ರಿಲ್, ೨೦೦೧ರಲ್ಲಿ ಲೊಸಾರ್ಟನ್ ಮತ್ತು ಇರ್ಬೆಸಾರ್ಟನ್ ಇವುಗಳ ಗುಣವು ಸ್ಥಿರಪಟ್ಟಿತು. ತರುವ ನಾಳವನ್ನು ಸಂಕೋಚಗೊಳಿಸುವ ಔಷಧಗಳ ಮೂಲವು ಇನ್ನೂ ಕುತೂಹಲಕರವಾದುದು. ೧೮೩೫ರಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೊರಿಜಿನ್ ಎಂಬ ಕಹಿವಸ್ತುವನ್ನು ತೆಗೆದರು. ಅದನ್ನು ಸೇವಿಸಿದರೆ ಮೂತ್ರದಲ್ಲಿ ಸಕ್ಕರೆ ಹೋಗುವುದೆಂದು ೧೮೮೬ರಲ್ಲಿ ಫಾನ್ ಮೇರಿಂಗನು ತೋರಿಸಿದನು. ಆ ವಸ್ತುವಿನ ವಂಶಕ್ಕೆ ಸೇರಿದ ಕೆನಾಗ್ಲಿಫ್ಲೋಜಿನ್ ೨೦೧೯ರಲ್ಲಿ, ೪,೪೦೧ ಮಂದಿಯ ಪರೀಕ್ಷೆಯಲ್ಲಿ, ಮೂತ್ರಪಿಂಡದ ಸೋಲು ಮುಂತಾದ ಅನರ್ಥಗಳನ್ನು ಶೇಕಡ ೩೦ರಷ್ಟು ತಗ್ಗಿಸಿತು. ಸಕ್ಕರೆಯನ್ನೂ ಲವಣವನ್ನೂ ಹೀರುವ ಏರ್ಪಾಡನ್ನು ತಡೆದು, ಮೇಲೆ ಹೇಳಿದ ಕಾವಲುಕೋಶಗಳ ಭ್ರಮೆಯನ್ನು ಇದು ಬಿಡಿಸುವುದು. ೨೦೨೦ರಲ್ಲಿ ಫಿನೆರೆನೋನ್, ೨೦೨೪ರಲ್ಲಿ ಸೆಮಗ್ಲುಟೈಡ್ ಎಂಬ ಬೇರೆ ಕುಲದ ಔಷಧಗಳೂ ಈ ಸಾಲಿಗೆ ಸೇರಿದುವು. ಇವುಗಳನ್ನು ವೈದ್ಯನ ಸೂಚನೆಯಿಲ್ಲದೆ ತೆಗೆದುಕೊಳ್ಳಲಾಗದೆಂದು ಬೇರೆ ಹೇಳಬೇಕಾದುದಿಲ್ಲ.

ಆಹಾರದ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಮಾತನಾಡುವಂತಿಲ್ಲ. ಸಾವಿರಾರು ಜನರ ಊಟವನ್ನು ವರ್ಷಗಟ್ಟಲೆ ಚೀಟಿಯೆತ್ತಿ ನಿಯಮಿಸುವುದು ಸಾಧ್ಯವಲ್ಲ. ಆದುದರಿಂದ ಇಲ್ಲಿಯ ಸಾಕ್ಷ್ಯವು ಬಹುಮಟ್ಟಿಗೆ ಸಮೀಕ್ಷೆಗಳದು. ಮಧುಮೇಹವುಳ್ಳ ೬,೨೧೩ ಮಂದಿಯ ಆಹಾರವನ್ನು ವಿಚಾರಿಸಿ ೨೦೧೩ರಲ್ಲಿ ಪ್ರಕಟಿಸಿದ ಒಂದು ಅಂತರರಾಷ್ಟ್ರೀಯ ಅಧ್ಯಯನವು ಹಣ್ಣು ತರಕಾರಿಗಳುಳ್ಳ ಹಿತವಾದ ಆಹಾರವನ್ನು ತಿನ್ನುವವರಲ್ಲಿ ರೋಗವು ಕಡಿಮೆಯೆಂದಿತು. ಉಪ್ಪಿಗೂ ರೋಗಕ್ಕೂ ಸಂಬಂಧವು ಅದರಲ್ಲಿ ಕಾಣಲಿಲ್ಲ. ಫಿನ್ಲೆಂಡಿನ ೨೦೧೧ರ ಅಧ್ಯಯನವೊಂದರಲ್ಲಿ ಅತಿ ಕಡಿಮೆ ಉಪ್ಪು ತಿನ್ನುವ ಇನ್ಸುಲಿನ್ ಅವಲಂಬಿಗಳಲ್ಲಿಯೇ ಮೂತ್ರಪಿಂಡವು ಹೆಚ್ಚಾಗಿ ಸೋತಿತ್ತು. ಇದನ್ನು ಓದಿ ಉಪ್ಪಿನಕಾಯಿಯ ಜಾಡಿಗೆ ಕೈ ನೀಡುವುದು ಆತುರವಾದೀತು. ಕಾಯಿಲೆಯ ದೆಸೆಯಿಂದ ಊಟವೇ ಕಡಿಮೆಯಾದವರು ಉಪ್ಪನ್ನೂ ಕಡಿಮೆ ತಿಂದಿರಬಹುದು. ಸಮೀಕ್ಷೆಯು ಇಂತಹ ತೊಡಕನ್ನು ಪೂರ್ತಿಯಾಗಿ ಬಿಡಿಸಲಾರದು. ಉಪ್ಪನ್ನು ತಗ್ಗಿಸಿದರೆ ರಕ್ತದ ಒತ್ತಡವೂ ಆಲ್ಬುಮಿನ್ನಿನ ಸ್ರಾವವೂ ಇಳಿಯುವುದೆಂಬುದು ಪ್ರಯೋಗಗಳಿಂದ ತಿಳಿದಿದೆ. ಲೊಸಾರ್ಟನ್ ಇರ್ಬೆಸಾರ್ಟನ್‌ಗಳ ಗುಣವು ಕಡಿಮೆ ಉಪ್ಪು ತಿನ್ನುವವರಲ್ಲಿ ಹೆಚ್ಚೆಂಬುದನ್ನೂ ೨೦೧೨ರಲ್ಲಿ ಕಂಡುಕೊಂಡರು. ದಿನಕ್ಕೆ ೫ ಗ್ರಾಂ, ಎಂದರೆ ಒಂದು ಸಣ್ಣ ಚಮಚದಷ್ಟು, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸಾರು ಹುಳಿಗಳಿಗೆ ಹಾಕುವುದು ಒಂದು ಲೆಕ್ಕ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಅಂಗಡಿಯ ಕುರುಕಲುಗಳಲ್ಲಿ ಅಡಗಿಕೊಂಡು ಬರುವುದು ಇನ್ನೊಂದು ಲೆಕ್ಕ. ಈ ಎರಡನೆಯದನ್ನು ನಮ್ಮ ಮನೆಗಳಲ್ಲಿ ಯಾರೂ ಎಣಿಸುವುದಿಲ್ಲ.

ಧಾನ್ಯದ ವಿಚಾರದಲ್ಲಿ ಮೈಸೂರು ಸೀಮೆಯವರಿಗೆ ಪ್ರಿಯವಾದ ಒಂದು ನಂಬಿಕೆಯುಂಟು: ಅನ್ನವು ವರ್ಜ್ಯ, ರಾಗಿಯನ್ನಾದರೆ ಎಷ್ಟು ಬೇಕಾದರೂ ತಿನ್ನಬಹುದು ಎಂದು. ರಾಗಿಯಲ್ಲಿ ನಾರೂ ಸುಣ್ಣಾಂಶವೂ ಬೆಳ್ತಿಗೆ ಅಕ್ಕಿಗಿಂತ ಎಷ್ಟೋ ಹೆಚ್ಚು. ಆದರೆ ಪಿಷ್ಟವು ಅದರಲ್ಲಿಯೂ ನೂರಕ್ಕೆ ಎಪ್ಪತ್ತರ ಸಮೀಪದಲ್ಲಿದೆ. ಎರಡು ದೊಡ್ಡ ಮುದ್ದೆಗಳನ್ನು ನುಂಗಿದವನ ರಕ್ತಕ್ಕೆ ಸಕ್ಕರೆಯು ಸೇರದೆ ಇರದು. ೨೦೨೫ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತೀಯರ ಆಹಾರಶಕ್ತಿಯಲ್ಲಿ ಶೇಕಡ ೬೨ರಷ್ಟು ಪಿಷ್ಟ ಸಕ್ಕರೆಗಳಿಂದಲೇ ಬರುತ್ತದೆ. ಧಾನ್ಯವನ್ನು ಬದಲಿಸುವುದಕ್ಕಿಂತ ಅದರ ಅಳತೆಯನ್ನು ತಗ್ಗಿಸಿ, ತಟ್ಟೆಯಲ್ಲಿ ಕಾಳು ಸೊಪ್ಪುಗಳಿಗೆ ಜಾಗ ಮಾಡುವುದು ಹೆಚ್ಚು ಫಲಕಾರಿಯೆಂದು ನನ್ನ ಅಭಿಪ್ರಾಯ.

ಸಸಾರಜನಕವನ್ನು, ಎಂದರೆ ಪ್ರೋಟೀನನ್ನು, ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ ೦.೮ ಗ್ರಾಮಿನಂತೆ ಸೇವಿಸಬೇಕೆಂದು ೨೦೨೨ರ ಅಂತರರಾಷ್ಟ್ರೀಯ ಸೂತ್ರಗಳು ವಿಧಿಸುತ್ತವೆ. ೬೦ ಕಿಲೋ ತೂಗುವವನಿಗೆ ಇದು ೪೮ ಗ್ರಾಂ. ಅದಕ್ಕಿಂತ ತೀರ ಇಳಿಸಿದರೆ ಲಾಭಕ್ಕಿಂತ ಕೃಶತೆಯೇ ಹೆಚ್ಚು. ಬೇಳೆಯನ್ನು ಪೂರ್ತಿ ಬಿಟ್ಟು ಗಂಜಿ ಕುಡಿದು ಬಡವಾಗುವ ರೋಗಿಗಳೂ, ಮೈಕಟ್ಟಿಗೆಂದು ಪ್ರೋಟೀನ್ ಪುಡಿಯನ್ನು ಕಲಸಿ ಕುಡಿಯುವ ತರುಣರೂ ಸಮಾನವಾಗಿ ದಾರಿ ತಪ್ಪಿದವರೇ. ಡಯಾಲಿಸಿಸ್ ಮೊದಲಾದ ಮೇಲೆ ಈ ಮಿತಿಯು ಏರುವುದು. ಹಣ್ಣು, ಎಳನೀರುಗಳ ಮಾತೂ ಹೀಗೆಯೇ ಕಾಲಕ್ಕೆ ತಕ್ಕಂತೆ ಬದಲಾಗುವುದು. ಆರಂಭದಲ್ಲಿ ಮಿತವಾಗಿ ತಿಂದ ಹಣ್ಣು ಹಿತಕರ. ಮೂತ್ರಪಿಂಡವು ಬಹಳ ಸೋತವರಲ್ಲಿ ಪೊಟ್ಯಾಸಿಯಮ್ ರಕ್ತದಲ್ಲಿ ನಿಂತು ಹೃದಯದ ಬಡಿತವನ್ನೇ ಕೆಡಿಸಬಹುದಾದುದರಿಂದ ಅವರಿಗೆ ಎಳನೀರೂ, ಕಡಿಮೆ ಸೋಡಿಯಮ್ಮಿನದೆಂದು ಮಾರುವ ಪೊಟ್ಯಾಸಿಯಮ್‌ಯುಕ್ತ ಉಪ್ಪೂ ಅಪಾಯಕರ.

ವಿಹಾರದಲ್ಲಿ ಹೊಗೆಸೊಪ್ಪು ಪ್ರಧಾನ. ಚೆನ್ನೈಯ ಆ ಸಮೀಕ್ಷೆಯಲ್ಲಿ ಸಕ್ಕರೆಯ ಮಟ್ಟ, ರೋಗದ ಅವಧಿ, ರಕ್ತದ ಒತ್ತಡ ಇವುಗಳೊಡನೆ ಧೂಮಪಾನವೂ ಆಲ್ಬುಮಿನ್ನಿನ ಸ್ರಾವ ಆರಂಭವಾಗಿರುವುದರೊಂದಿಗೆ ಸ್ವತಂತ್ರವಾಗಿ ಸೇರಿಕೊಂಡಿತ್ತು. ದೇಹದ ತೂಕ, ವ್ಯಾಯಾಮಗಳ ವಿಷಯದಲ್ಲಿ ಅಮೆರಿಕದಲ್ಲಿ ೨೦೦೧ರಲ್ಲಿ ಆರಂಭವಾದ ೫,೧೪೫ ಮಂದಿಯ ಪರೀಕ್ಷೆಯು ಸ್ಮರಣೀಯ. ಮಿತಾಹಾರ ನಡಿಗೆಗಳಿಂದ ತೂಕವನ್ನು ಇಳಿಸಿದರೂ ಹೃದ್ರೋಗವು ತಗ್ಗದೆ, ೨೦೧೨ರಲ್ಲಿ ಅದನ್ನು ನಿಲ್ಲಿಸಿದರು. ಆದರೆ ಮೂತ್ರಪಿಂಡದ ಲೆಕ್ಕವನ್ನು ತೆಗೆದಾಗ, ತೀವ್ರತರದ ರೋಗವು ಶೇಕಡ ೩೧ರಷ್ಟು ಕಡಿಮೆಯಾಗಿದ್ದುದು ೨೦೧೪ರಲ್ಲಿ ಕಂಡಿತು. ಮುಖ್ಯಪ್ರಶ್ನೆಗೆ ಬಂದ ಉತ್ತರವಲ್ಲವಾದುದರಿಂದ ಇದಕ್ಕೆ ಸಾಕ್ಷ್ಯಬಲವು ಕೊಂಚ ಕಡಿಮೆ. ಆದರೂ ಆಹಾರವಿಹಾರಗಳ ಪರವಾಗಿ ನಮ್ಮಲ್ಲಿರುವ ಸಾಕ್ಷ್ಯಗಳಲ್ಲಿ ಇದು ಉತ್ತಮವಾದುದು. ಕೊಪನ್‌ಹೇಗನ್ನಿನಲ್ಲಿ ೧೬೦ ಮಂದಿಗೆ ಸಕ್ಕರೆ, ಒತ್ತಡ, ಕೊಬ್ಬು, ಆಹಾರ, ನಡಿಗೆ ಎಲ್ಲವನ್ನೂ ಒಟ್ಟಿಗೆ ತಿದ್ದುವ ಚಿಕಿತ್ಸೆಯನ್ನು ಪರೀಕ್ಷಿಸಿದಾಗ, ಸುಮಾರು ಎಂಟು ವರ್ಷಗಳಲ್ಲಿ ಮೂತ್ರಪಿಂಡರೋಗದ ಅಪಾಯವು ಅರ್ಧಕ್ಕಿಂತಲೂ ಕಡಿಮೆಯಾಯಿತೆಂದು ೨೦೦೩ರಲ್ಲಿ ತಿಳಿಯಿತು. ಮಂಡಿನೋವು ಬೆನ್ನುನೋವುಗಳಿಗೆಂದು ದಿನವೂ ನುಂಗುವ ಡೈಕ್ಲೊಫೆನಾಕ್ ಮುಂತಾದ ಮಾತ್ರೆಗಳೂ ಸೋತ ಮೂತ್ರಪಿಂಡಕ್ಕೆ ಹಗೆಗಳೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು.

ಹೊಸ ಸೂಚಕಗಳ ಶೋಧವು ಭರದಿಂದ ನಡೆದಿದೆ. ಉರಿಯೂತಕ್ಕೆ ಸಂಬಂಧಪಟ್ಟ ಎರಡು ಗ್ರಾಹಕವಸ್ತುಗಳು ರಕ್ತದಲ್ಲಿ ಹೆಚ್ಚಿರುವವರಿಗೆ ಮುಂದೆ ಮೂತ್ರಪಿಂಡವು ಸೋಲುವುದೆಂದು ಬಾಸ್ಟನ್ನಿನ ಜಾಸ್ಲಿನ್ ಸಂಸ್ಥೆಯವರು ೨೦೧೨ರಲ್ಲಿ ತಿಳಿಸಿದರು. ಮೂತ್ರದಲ್ಲಿರುವ ೨೭೩ ಸಸಾರಜನಕದ ತುಣುಕುಗಳ ವಿನ್ಯಾಸದಿಂದ ಭವಿಷ್ಯವನ್ನು ಹೇಳುವ ಪರೀಕ್ಷೆಯೂ ಯೂರೋಪಿನಲ್ಲಿ ಸಿದ್ಧವಾಯಿತು. ೧,೭೭೫ ಮಂದಿಯನ್ನು ಅದರಿಂದ ವಿಂಗಡಿಸಿದಾಗ, ಅಪಾಯವಿದೆಯೆಂದು ಹೇಳಿದವರಲ್ಲಿ ಶೇಕಡ ೨೮ ಮಂದಿಗೂ, ಇಲ್ಲವೆಂದವರಲ್ಲಿ ಶೇಕಡ ೯ ಮಂದಿಗೂ ಆಲ್ಬುಮಿನ್ ಜಿನುಗತೊಡಗಿತು. ಭವಿಷ್ಯವು ಬಹುಮಟ್ಟಿಗೆ ನಿಜವಾಯಿತು. ಆದರೆ ಅಪಾಯದ ಗುಂಪಿನವರಿಗೆ ಮುಂಚಿತವಾಗಿಯೇ ಸ್ಪೈರೊನೊಲ್ಯಾಕ್ಟೋನ್ ಔಷಧವನ್ನು ಕೊಟ್ಟು ನೋಡಿದರೆ ನಿಶ್ಚಿತವಾದ ಲಾಭವು ತೋರಲಿಲ್ಲವೆಂದು ೨೦೨೦ರ ವರದಿಯು ಹೇಳುತ್ತದೆ. ಈ ಸೂಚಕಗಳು ಮುಂದೆ ಉಪಯೋಗಕ್ಕೆ ಬರಬಹುದು. ಆಲ್ಬುಮಿನ್ನಿನ ಅಗ್ಗದ ಪರೀಕ್ಷೆಯೇ ನಡೆಯದ ಊರುಗಳಲ್ಲಿ ಅವುಗಳಿಗಾಗಿ ಕಾಯುವುದು ಮಾತ್ರ ವಿವೇಕವಲ್ಲ.

ಆ ಪರೀಕ್ಷೆಯ ವಿಧಿಯು ಕಷ್ಟವಾದುದೇನೂ ಅಲ್ಲ. ಇನ್ಸುಲಿನ್ನನ್ನೇ ನಂಬಿದ ಎಳೆಯ ಮಧುಮೇಹಿಗಳಿಗೆ ರೋಗವು ಬಂದ ಐದು ವರ್ಷಗಳ ಮೇಲೆ, ಉಳಿದವರಿಗೆ ರೋಗವು ಗೊತ್ತಾದ ದಿನದಿಂದಲೇ, ವರ್ಷಕ್ಕೊಮ್ಮೆ ನಡೆಯಬೇಕು. ದೊಡ್ಡವರಲ್ಲಿ ಮಧುಮೇಹವು ಎಂದು ಆರಂಭವಾಯಿತೆಂಬುದು ಯಾರಿಗೂ ತಿಳಿಯದಿರುವುದರಿಂದ ಈ ಭೇದ. ಬೆಳಗಿನ ಮೊದಲ ಮೂತ್ರವು ಉತ್ತಮ. ಜ್ವರ, ಮೂತ್ರಮಾರ್ಗದ ಸೋಂಕು, ಹಿಂದಿನ ದಿನದ ಅತಿಶ್ರಮ, ಸಕ್ಕರೆಯ ವಿಪರೀತವಾದ ಏರಿಕೆ, ಹೆಂಗಸರ ಮಾಸಿಕಸ್ರಾವ ಇವು ಆಲ್ಬುಮಿನ್ನನ್ನು ತಾತ್ಕಾಲಿಕವಾಗಿ ಹೆಚ್ಚಿಸುವುದರಿಂದ, ಒಂದೇ ಸಲದ ಫಲಿತಾಂಶಕ್ಕೆ ಹೆದರದೆ, ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ ಎರಡು ಸಲವಾದರೂ ೩೦ಕ್ಕೆ ಮೀರಿದ್ದರೆ ಮಾತ್ರ ನಿಶ್ಚಯಿಸುವುದು ಪದ್ಧತಿ. ಮಧುಮೇಹಿಗೆ ಬಂದ ಮೂತ್ರಪಿಂಡರೋಗವೆಲ್ಲ ಮಧುಮೇಹದಿಂದಲೇ ಬಂದುದಲ್ಲ. ಆಲ್ಬುಮಿನ್ ಒಮ್ಮೆಲೇ ಏರಿದರೆ, ಮೂತ್ರದಲ್ಲಿ ರಕ್ತಕಣಗಳಿದ್ದರೆ, ಎಳೆಯ ಮಧುಮೇಹಿಯ ಕಣ್ಣಿನ ಅಕ್ಷಿಪಟಲವು ಚೆನ್ನಾಗಿದ್ದೂ ಮೂತ್ರಪಿಂಡವು ಮಾತ್ರ ಕೆಟ್ಟಿದ್ದರೆ, ಬೇರೊಂದು ರೋಗವನ್ನು ಶಂಕಿಸಿ ಮೂತ್ರಪಿಂಡದ ಒಂದು ತುಣುಕನ್ನು ಸೂಜಿಯಿಂದ ತೆಗೆದು ಪರೀಕ್ಷಿಸುವರು. ಅಂತಹ ರೋಗಗಳಲ್ಲಿ ಕೆಲವಕ್ಕೆ ಚಿಕಿತ್ಸೆಯೇ ಬೇರೆ.